ಮುಳ್ಳಯ್ಯನಗಿರಿಯ ಹುಲ್ಲು, ಕಡಲಡಿಯ ಹುಲ್ಲು

ಮುಳ್ಳಯ್ಯನಗಿರಿಗೆ ಬಂದವರು ಸುತ್ತಲಿನ ಬೆಟ್ಟ ನೋಡಿ ಕೇಳುತ್ತಾರೆ, "ಇಲ್ಲಿ ಮರಾನೇ ಇಲ್ವಲ್ಲ, ಯಾರು ಕಡಿದ್ರು?" ಯಾರೂ ಕಡಿದಿಲ್ಲ. ಅದು ಮೊದಲಿಂದಲೂ ಹುಲ್ಲಿನ ಬೆಟ್ಟ. ಮಳೆಗಾಲದಲ್ಲಿ ದಾರಿಯ ಅಂಚು ಜರಿದ ಕಡೆ ಸ್ವಲ್ಪ ಬಾಗಿ ನೋಡಿ. ಹುಲ್ಲಿನ ಬುಡದಲ್ಲಿ ಕೂದಲಿನಂಥ ಬೇರುಗಳು ಹೆಣೆದುಕೊಂಡು ಮಣ್ಣನ್ನು ಬಿಗಿಯಾಗಿ ಹಿಡಿದಿರುತ್ತವೆ. ಆ ಮಣ್ಣಿನ ಹೆಂಟೆ ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಇಂಥ ಹುಲ್ಲಿನ ಜಾಗವನ್ನು ಬ್ರಿಟಿಷರ ಕಾಲದಿಂದಲೂ ಕಡತಗಳಲ್ಲಿ 'ಬೀಳು' ಎಂದೇ ಲೆಕ್ಕ ಹಾಕಿದರು. ಬೀಳು ತಾನೇ ಎಂದು ಅಕೇಶಿಯಾ ನೆಟ್ಟರು, ರಸ್ತೆ ಕೊರೆದರು.

ಕಡಲಡಿಯಲ್ಲೂ ಹೀಗೇ ಲೆಕ್ಕಕ್ಕೆ ಸಿಗದ ಒಂದು ಹುಲ್ಲುಗಾವಲಿದೆ. ದಡದ ಹತ್ತಿರ, ಬಿಸಿಲು ತಳ ಮುಟ್ಟುವಷ್ಟು ಆಳದಲ್ಲಿ ಅದು ಬೆಳೆಯುತ್ತದೆ. ಪಾಚಿ ಎಂದುಕೊಳ್ಳುವವರೇ ಜಾಸ್ತಿ, ಆದರೆ ಪಾಚಿ ಅಲ್ಲ. ಇದಕ್ಕೆ ಬೇರಿದೆ, ಹೂವಿದೆ, ಬೀಜವಿದೆ. ಕೋಟ್ಯಂತರ ವರ್ಷಗಳ ಹಿಂದೆ ನೆಲದ ಗಿಡಗಳೇ ಉಪ್ಪುನೀರಿಗೆ ಇಳಿದು ಒಗ್ಗಿಕೊಂಡ ಬಳಗವಿದು. ಜೇನ್ನೊಣ ಇಲ್ಲದ ಕಡೆ ಪರಾಗವನ್ನು ನೀರೇ ಹೊತ್ತೊಯ್ಯುತ್ತದೆ.

ಕೆಲಸವೂ ನಮ್ಮ ಬೆಟ್ಟದ ಹುಲ್ಲಿನದ್ದೇ. ಬೇರು ಮರಳನ್ನು ಹಿಡಿದಿಡುತ್ತದೆ, ಎಲೆ ಅಲೆಯ ರಭಸ ತಗ್ಗಿಸುತ್ತದೆ. ಮೀನು, ಸಿಗಡಿ, ಏಡಿಯ ಮರಿಗಳು ಇದರ ಮರೆಯಲ್ಲೇ ದೊಡ್ಡದಾಗುತ್ತವೆ. ಇಡೀ ಸಮುದ್ರತಳದಲ್ಲಿ ಇದು ಹರಡಿರುವುದು ಶೇಕಡಾ 0.2ಕ್ಕೂ ಕಡಿಮೆ. ಆದರೂ ಕಡಲು ಪ್ರತಿವರ್ಷ ಕೆಸರಲ್ಲಿ ಹೂತಿಡುವ ಇಂಗಾಲದಲ್ಲಿ ಸುಮಾರು ಶೇಕಡಾ 10ರಷ್ಟು ಇದರ ಪಾಲು ಎಂಬ ಅಂದಾಜಿದೆ. ಅಲುಗಾಡಿಸದೆ ಬಿಟ್ಟರೆ ಆ ಇಂಗಾಲ ಸಾವಿರಾರು ವರ್ಷ ಅಲ್ಲೇ ಇರುತ್ತದೆ.

ಈ ಹುಲ್ಲಿನ ಬೆಲೆ ಜಗತ್ತಿಗೆ ಮೊದಲು ತಿಳಿದದ್ದು ಅದು ಸತ್ತಾಗ. 1930ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಒಂದು ರೋಗ ಬಂತು. ಎಲೆಗಳ ಮೇಲೆ ಕಪ್ಪು ಮಚ್ಚೆ ಎದ್ದು, ಕೆಲವೇ ವರ್ಷಗಳಲ್ಲಿ ಅಲ್ಲಿನ ಕಡಲ ಹುಲ್ಲು ಹೆಚ್ಚುಕಮ್ಮಿ ಪೂರ್ತಿ ನಾಶವಾಯಿತು. ಅದನ್ನೇ ಮೇಯುತ್ತಿದ್ದ ಹೆಬ್ಬಾತುಗಳು ಕಡಿಮೆಯಾದವು. ಆ ಎಲೆಯ ಮೇಲಷ್ಟೇ ಬದುಕುತ್ತಿದ್ದ ಒಂದು ಪುಟ್ಟ ಶಂಖದ ಹುಳು ಜಾತಿಯೇ ಅಳಿದುಹೋಯಿತು. ಅಮೆರಿಕದ ವರ್ಜೀನಿಯಾ ತೀರದಲ್ಲಿ ಚಿಪ್ಪುಮೀನು ಹಿಡಿಯುವವರ ಕಸುಬೂ ನಿಂತಿತು.

ಅದಾದ ಮೇಲೆ ಬಂದದ್ದೆಲ್ಲ ಮನುಷ್ಯರ ಪೆಟ್ಟು. ಬಂದರಿಗಾಗಿ ತಳ ಅಗೆದರು. ಊರಿನ ಕೊಳಚೆ, ಹೊಲದ ಗೊಬ್ಬರ ಕಡಲು ಸೇರಿ ಪಾಚಿ ಕವಿಯಿತು. ಕೆಸರು ಬಂದು ಬಿಸಿಲು ಕೆಳಗಿಳಿಯದಾಯಿತು. ಈ ಕೊನೆಯ ಮಾತು ನಮ್ಮ ಚಿಕ್ಕಮಗಳೂರು ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲುವವರೆಗೂ ಮಳೆಗಾಲದಲ್ಲಿ ಭದ್ರಾ ಹೊಳೆಗೆ ಎಷ್ಟು ಮಣ್ಣು ಇಳಿಯುತ್ತಿತ್ತು ಎಂದು ಅಲ್ಲಿಯವರನ್ನು ಕೇಳಿ. ಅಂಥ ನೀರು ತಲೆ ಮೇಲೆ ನಿಂತರೆ ಹುಲ್ಲಿಗೆ ಬೆಳಕೆಲ್ಲಿ? ಉಪವಾಸವೇ ಗತಿ. 1879ರಿಂದ ಸಿಗುವ ದಾಖಲೆಗಳನ್ನೆಲ್ಲ ಸೇರಿಸಿ 2009ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು: ಗೊತ್ತಿದ್ದ ಕಡಲ ಹುಲ್ಲುಗಾವಲಿನಲ್ಲಿ ಶೇಕಡಾ 29ರಷ್ಟು ಹೋಗಿಬಿಟ್ಟಿತ್ತು.

ನಮ್ಮ ದೇಶದ ದೊಡ್ಡ ಕಡಲ ಹುಲ್ಲುಗಾವಲುಗಳಿರುವುದು ತಮಿಳುನಾಡಿನ ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಯಲ್ಲಿ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಕಾವೇರಿ ಸೇರುತ್ತಾಳಲ್ಲ, ಆ ಕಾವೇರಿ ಬಯಲಿನ ತೆಂಕಣ ಅಂಚಿಗೇ ಪಾಕ್ ಕೊಲ್ಲಿ ಇದೆ. ಹಾಗಂತ ಅಲ್ಲಿನ ಹುಲ್ಲು ನಮ್ಮ ಮಣ್ಣಿನಿಂದ ಸಾಯುತ್ತಿದೆ ಎನ್ನಲಾಗದು. ದಾರಿಯಲ್ಲಿ ಗೊರೂರು, ಕೆಆರ್‌ಎಸ್, ಮೆಟ್ಟೂರು ಅಣೆಕಟ್ಟುಗಳಿವೆ, ಹೆಚ್ಚಿನ ಹೂಳು ಅಲ್ಲೇ ಕೂರುತ್ತದೆ. ಅಲ್ಲಿ ದೊಡ್ಡ ಪೆಟ್ಟು ಕೊಟ್ಟಿರುವುದು ತಳ ಗುಡಿಸಿಕೊಂಡು ಹೋಗುವ ಟ್ರಾಲ್ ಬಲೆ. ಅದು ಹುಲ್ಲನ್ನು ಬೇರುಸಮೇತ ಎಳೆದು ಹಾಕುತ್ತದೆ.

ಹುಲ್ಲು ಹೋದರೆ ಕಡಲ ಹಸುವೂ ಹೋದಂತೆ. ಡ್ಯೂಗಾಂಗ್ ಎಂಬ ಈ ದೊಡ್ಡ ಸಾಧು ಪ್ರಾಣಿ ದಿನಕ್ಕೆ 30-40 ಕಿಲೋ ಹುಲ್ಲು ಮೇಯುತ್ತದೆ. ಮೇದ ಜಾಡು ತಳದಲ್ಲಿ ನೇಗಿಲ ಸಾಲಿನ ಹಾಗೆ ಕಾಣುತ್ತದೆ. ದೇಶದಲ್ಲಿ ಈಗ ಉಳಿದಿರುವುದು ಕೆಲವೇ ನೂರು. ಅದಕ್ಕಾಗಿಯೇ 2022ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಜಾಗವನ್ನು ಡ್ಯೂಗಾಂಗ್ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ದೇಶದಲ್ಲಿ ಅದೇ ಮೊದಲನೆಯದು. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಹೆಜ್ಜೆ. ಪ್ರಾಣಿಯ ನೆಪದಲ್ಲಾದರೂ ಹುಲ್ಲಿರುವ ಜಾಗಕ್ಕೆ ಒಂದು ಹೆಸರು, ಒಂದು ಗಡಿ ಸಿಕ್ಕಿತು.

ಹೋದ ಹುಲ್ಲನ್ನು ಮತ್ತೆ ಬೆಳೆಸಲೂಬಹುದು. ವರ್ಜೀನಿಯಾದಲ್ಲಿ ಸುಮಾರು 20 ವರ್ಷ ಬೀಜ ಬಿತ್ತಿ 9,000 ಎಕರೆ ಹುಲ್ಲುಗಾವಲು ಎಬ್ಬಿಸಿದ್ದಾರೆ. ಪಾಕ್ ಕೊಲ್ಲಿಯಲ್ಲಿ ನೆಡುವ ರೀತಿ ತೋಟದವರಿಗೆ ಹೊಸದೇನಲ್ಲ. ಬಿದಿರಿನ ಚೌಕಟ್ಟು ಮಾಡಿ, ಅದಕ್ಕೆ ಅಡ್ಡಡ್ಡ ತೆಂಗಿನ ನಾರಿನ ಹಗ್ಗ ಬಿಗಿಯುತ್ತಾರೆ. ನಾವು ಹಾಲುವಾಣಕ್ಕೆ ಮೆಣಸಿನ ಬಳ್ಳಿ ಕಟ್ಟುವ ಹಾಗೆ ಹುಲ್ಲಿನ ಕುಡಿಗಳನ್ನು ಹಗ್ಗಕ್ಕೆ ಒಂದೊಂದಾಗಿ ಕಟ್ಟುತ್ತಾರೆ. ಮುಳುಗಿ ಹೋಗಿ ಚೌಕಟ್ಟನ್ನು ತಳಕ್ಕೆ ಕೂರಿಸುತ್ತಾರೆ. ಬೇರು ಕಚ್ಚಿಕೊಂಡ ಮೇಲೆ ಬಿದಿರೂ ಹಗ್ಗವೂ ನಿಧಾನಕ್ಕೆ ಅಲ್ಲೇ ಕೊಳೆತು ಮಣ್ಣಾಗುತ್ತವೆ.