ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವ ಮುಂಚೆ

ನೌಕರನೊಬ್ಬ ಕೆಲಸ ಬಿಟ್ಟು ಪ್ರತಿಸ್ಪರ್ಧಿ ಕಂಪನಿ ಸೇರಿದ ಅಂದರೆ, ಮಾಲೀಕರು ನಮ್ಮ ವಕೀಲಿ ಆಫೀಸಿಗೆ ತರುವ ಮೊದಲ ಕಾಗದ ಅಪಾಯಿಂಟ್‌ಮೆಂಟ್ ಲೆಟರ್. 'ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯವಹಾರದ ಬೇರೆ ಕಂಪನಿ ಸೇರುವಂತಿಲ್ಲ' ಎಂಬ ಸಾಲಿನ ಕೆಳಗೆ ಗೆರೆ ಎಳೆದಿರುತ್ತಾರೆ. "ಸಹಿ ಹಾಕಿದ್ದಾನೆ ಅಲ್ವಾ ಸಾರ್, ಸ್ಟೇ ತನ್ನಿ."

ಆ ಸಾಲನ್ನು ನಂಬಿ ಹೋದರೆ ಸ್ಟೇ ಸಿಗುವುದಿಲ್ಲ. ಯಾರದೇ ಉದ್ಯೋಗ, ವ್ಯಾಪಾರಕ್ಕೆ ಅಡ್ಡಿಯಾಗುವ ಕರಾರಿಗೆ ಆ ಮಟ್ಟಿಗೆ ಬೆಲೆಯಿಲ್ಲ ಎನ್ನುತ್ತದೆ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಹಳೆಯ ಏಜೆನ್ಸಿಯ ಕೇಸಿನಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಕರಾರಿನ ಅವಧಿ ಮುಗಿದ ಮೇಲೆ ಕಟ್ಟಿಹಾಕುವಂತಿಲ್ಲ. ಹಾಗಿದ್ದರೂ ಕಂಪನಿಗಳು ಈ ಸಾಲು ಹಾಕುವುದನ್ನು ಬಿಟ್ಟಿಲ್ಲ. ಸುಮ್ನೆ ಹೆದರಿಸಲು, ಅಷ್ಟೇ.

ಅವಧಿಯೊಳಗಿನ ಮಾತು ಬೇರೆ. ಐದು ವರ್ಷದ ಕರಾರು ಮಾಡಿಕೊಂಡು ನಡುವೆಯೇ ಬೇರೆ ಕಾರ್ಖಾನೆ ಸೇರಿದ ನೌಕರನ ಮೇಲಿನ ತಡೆಯನ್ನು 1967ರಲ್ಲೇ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಸರ್ಕಾರಿ ಬ್ಯಾಂಕೊಂದರ ಬಾಂಡ್ ಸರಿ ಎಂದು ಅದೇ ಕೋರ್ಟ್ 2025ರಲ್ಲಿ ಹೇಳಿತು. ಹಾಗಂತ ಬಾಂಡಿನಲ್ಲಿ 20 ಲಕ್ಷ ಬರೆದರೆ 20 ಲಕ್ಷ ಬರುತ್ತದೆಯೇ? ಅದೇ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಬರೀ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದದ್ದಷ್ಟೇ ಸಿಗುತ್ತದೆ.

ಆದ್ದರಿಂದ ನಾನು ಕೇಳುವುದು, ಆತ ಎಲ್ಲಿ ಸೇರಿದ ಅಂತಲ್ಲ, ಏನು ತೆಗೆದುಕೊಂಡು ಹೋದ ಅಂತ. ರೇಟ್ ಶೀಟ್, ಡ್ರಾಯಿಂಗ್, ಸೋರ್ಸ್ ಕೋಡ್ ಹೋಗಿದ್ದರೆ ಅದನ್ನು ಬಳಸದಂತೆ ತಡೆ ಕೇಳಬಹುದು. ಆತನ ತಲೆಯಲ್ಲಿರುವ ಅನುಭವ ಮಾತ್ರ ಆತನದೇ. ಗೂಗಲ್‌ನಲ್ಲಿ ಸಿಗುವ ಗ್ರಾಹಕರ ಹೆಸರುಗಳನ್ನು ಗುಟ್ಟು ಎಂದು ವಾದಿಸುವುದೂ ಕಷ್ಟ.

ಇಲ್ಲೇ ಕೇಸ್ ಕೆಡುವುದು. ನೌಕರ ಲ್ಯಾಪ್‌ಟಾಪ್ ಒಪ್ಪಿಸಿ ಹೋಗುತ್ತಾನೆ. ಐಟಿ ವಿಭಾಗದವರು ಅದನ್ನು ಫಾರ್ಮ್ಯಾಟ್ ಮಾಡಿ ಹೊಸಬರ ಕೈಗೆ ಕೊಡುತ್ತಾರೆ. ಯಾವ ಪೆನ್‌ಡ್ರೈವ್ ಯಾವತ್ತು ಹಾಕಿದ್ದ, ಯಾವ ಫೈಲ್ ಹೋಯಿತು ಎಂಬ ಗುರುತೆಲ್ಲ ಅದರ ಜೊತೆಗೇ ಹೋಯಿತು. ಅನುಮಾನವಿದ್ದರೆ ಅದನ್ನು ಆನ್ ಕೂಡ ಮಾಡಬೇಡಿ. ಸೀಲ್ ಮಾಡಿ, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಬರೆದಿಟ್ಟು, ತಜ್ಞರಿಂದ ಇಮೇಜ್, ಅಂದರೆ ಡಿಸ್ಕಿನ ಯಥಾವತ್ ನಕಲು, ತೆಗೆಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಸರ್ಟಿಫಿಕೇಟಿನಲ್ಲಿ (ಡಿಜಿಟಲ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಬೇಕಾದದ್ದು) ಹ್ಯಾಶ್ ವ್ಯಾಲ್ಯೂ, ಅಂದರೆ ದಾಖಲೆ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು, ನಮೂದಿಸಬೇಕು. ಒಂದು ಭಾಗಕ್ಕೆ ಸಾಧನದ ಹೊಣೆ ಹೊತ್ತವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ.

ಇನ್ನು ಸಿಟ್ಟಿಗೆ ರಿಲೀವಿಂಗ್ ಲೆಟರ್, ಕೊನೆಯ ಸಂಬಳ ಹಿಡಿದಿಟ್ಟುಕೊಳ್ಳುವುದು ಬೇಡ. ತಡೆಯಾಜ್ಞೆ ಕೇಳುವವರ ನಡತೆಯನ್ನೂ ಕೋರ್ಟ್ ನೋಡುತ್ತದೆ. ಎದುರು ವಕೀಲರು ಮೊದಲು ಎತ್ತುವುದೂ ಅದನ್ನೇ.