ಸಂಪಾಜೆ ಘಾಟಿ ಕಂಪ್ಯೂಟರಿಗೆ ಗೊತ್ತಾ?

ಪ್ರಶ್ನೆ: ಪೆಟ್ರೋಲ್ ಎಂಜಿನ್, ಕರೆಂಟ್ ಮೋಟರ್ ಎರಡೂ ಇರುವ ಹೈಬ್ರಿಡ್ ಕಾರಿನ ಗೇರ್‌ಬಾಕ್ಸನ್ನು ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ನೋಡುತ್ತಾರಂತೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ನಮ್ಮ ರಸ್ತೆ ಅದಕ್ಕೆ ಹೇಗೆ ಗೊತ್ತಾಗುತ್ತೆ?

ಉತ್ತರ: ಯಾರಾದರೂ ಹೇಳಿಕೊಡುವವರೆಗೆ ಗೊತ್ತಾಗುವುದಿಲ್ಲ. ಸಿಮ್ಯುಲಿಂಕ್, ಜಿಟಿ-ಸೂಟ್‌ನಂಥ ಸಾಫ್ಟ್‌ವೇರ್‌ಗೆ ರಸ್ತೆ ಅಂದರೆ ಅಂಕಿಗಳ ಪಟ್ಟಿ ಅಷ್ಟೇ. ಯಾವ ಸೆಕೆಂಡಿಗೆ ಎಷ್ಟು ವೇಗ, ಎಷ್ಟು ಏರು, ಎಷ್ಟು ಇಳಿಜಾರು. ಮೈಲೇಜ್ ಅಳೆಯಲು ಬಳಸುವ ಡಬ್ಲ್ಯೂಎಲ್‌ಟಿಪಿ ಪಟ್ಟಿಯಲ್ಲಿ 1800 ಸೆಕೆಂಡಿನ ಓಟ ಇದೆ, ಆದರೆ ಇಳಿಜಾರು ಸೊನ್ನೆ! ಘಾಟಿಯನ್ನು ಎಂಜಿನಿಯರೇ ಬೇರೆಯಾಗಿ ಬರೆದು ಕೊಡಬೇಕು.

ಕೊಟ್ಟರೆ ಏನು ಕಾಣುತ್ತೆ? 1997ರಲ್ಲಿ ಬಂದ ಟೊಯೊಟಾ ಪ್ರಿಯಸ್ ನೋಡಿ. ಅದರ ಗೇರ್‌ಬಾಕ್ಸಿನ ನಡುವೆ 30 ಹಲ್ಲಿನ ಸನ್ ಗೇರ್, ಅದಕ್ಕೆ ಒಂದು ಮೋಟರ್. ಹೊರಗೆ 78 ಹಲ್ಲಿನ ರಿಂಗ್ ಗೇರ್, ಅದು ಇನ್ನೊಂದು ಮೋಟರಿಗೂ ಚಕ್ರಕ್ಕೂ. ಇವೆರಡರ ನಡುವೆ ತಿರುಗುವ ಪುಟ್ಟ ಗೇರುಗಳನ್ನು ಹಿಡಿದ ಚೌಕಟ್ಟಿಗೆ ಎಂಜಿನ್. ಕಾರು ನಿಂತಿದ್ದು ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ, ಸನ್ ಗೇರಿನ ಮೋಟರ್ 3600 ಸುತ್ತು ತಿರುಗಲೇಬೇಕು. ಹಲ್ಲಿನ ಲೆಕ್ಕ, ತಪ್ಪಿಸಿಕೊಳ್ಳಲು ಆಗಲ್ಲ. ಹಲ್ಲು ಬದಲಿಸಿದರೆ ಎಲ್ಲ ವೇಗವೂ ಬದಲು. ಪ್ರತಿ ಸಲ ಲೋಹ ಕಡೆದು ನೋಡುವ ಬದಲು ಸಾವಿರಾರು ಜೋಡಣೆಗಳನ್ನು ಪರದೆಯ ಮೇಲೇ ಓಡಿಸುತ್ತಾರೆ. ಮೋಟರ್ ಮಿತಿ ಮೀರಿದರೆ ಅಲ್ಲೇ ಕೆಂಪು ಗೆರೆ.

ಈಗ ನಮ್ಮ ಘಾಟಿ. 1600 ಕೆಜಿಯ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು 2.2 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತೆ. ಹೌದು, ಕರೆಂಟ್ ಬಿಲ್ಲಿನ ಅದೇ ಯೂನಿಟ್. ಟೈರು, ಗಾಳಿ ತಿನ್ನುವುದನ್ನು ಕಳೆದರೂ ಒಂದೂವರೆ ಯೂನಿಟ್ ಆಸುಪಾಸು ಉಳಿಯುತ್ತೆ. ಇಳಿಯುವಾಗ ಮೋಟರ್ ಇದನ್ನೇ ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತೆ. ಆದರೆ ಪ್ಲಗ್ ಹಾಕದ ಹೈಬ್ರಿಡ್‌ನ ಬ್ಯಾಟರಿ ಹಿಡಿಯುವುದೇ ಒಂದು ಯೂನಿಟ್ ಸುಮಾರು. ಅದರಲ್ಲೂ ಪೂರ್ತಿ ತುಂಬಲು ಬಿಡುವುದಿಲ್ಲ, ಬಾಳಿಕೆ ಹಾಳಾಗುತ್ತೆ ಅಂತ. ಮಡಿಕೇರಿ ಇರುವುದು ಸಾವಿರ ಮೀಟರಿಗಿಂತ ಮೇಲೆ. ಅರ್ಧ ದಾರಿಯಲ್ಲೇ ಬ್ಯಾಟರಿ 'ಸಾಕು' ಅನ್ನುತ್ತೆ.

ಆಮೇಲೆ? ಒಂದು ಮೋಟರ್ ಚಕ್ರದಿಂದ ಕರೆಂಟ್ ಮಾಡಿ ಇನ್ನೊಂದಕ್ಕೆ ಕೊಡುತ್ತೆ. ಅದು ಪೆಟ್ರೋಲ್ ಇಲ್ಲದೆ ಎಂಜಿನ್ನನ್ನು ಸುಮ್ನೆ ತಿರುಗಿಸುತ್ತೆ. ಶಕ್ತಿ ಅಲ್ಲಿ ಕರಗುತ್ತೆ. ಇಳಿಯುವಾಗ ಎಂಜಿನ್ ಇದ್ದಕ್ಕಿದ್ದಂತೆ ಕೂಗಿದರೆ ಗಾಬರಿ ಬೇಡ, ತೋಟದ ಜೀಪನ್ನು ಸೆಕೆಂಡ್ ಗೇರಿಗೆ ಹಾಕಿ ಇಳಿಸುತ್ತೇವಲ್ವಾ, ಅದೇ ಕೆಲಸ. ಎಷ್ಟು ಜೋರಾಗಿ ತಿರುಗಿಸಬಹುದು, ಉಳಿದದ್ದನ್ನು ಬ್ರೇಕ್ ಪ್ಯಾಡ್ ತಡೆದುಕೊಳ್ಳುತ್ತಾ ಅನ್ನುವುದನ್ನು ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನ ಈ ಓಟ, ಮೊದಲೇ ಹೇಳಬಲ್ಲದು. ನನ್ನ ಪ್ರಕಾರ ಅದರ ದೊಡ್ಡ ಉಪಯೋಗ ಇದೇ, ಮೈಲೇಜ್ ಲೆಕ್ಕ ಅಲ್ಲ.

ಆದರೂ ಕಂಪ್ಯೂಟರ್ ಪಾಸು ಮಾಡಿದ ಮಾತ್ರಕ್ಕೆ ಯಾರೂ ಕಾರು ಮಾರುವುದಿಲ್ಲ. ನಿಜವಾದ ಗೇರ್‌ಬಾಕ್ಸನ್ನು ಪರೀಕ್ಷಾ ಬೆಂಚಿನ ಮೇಲೂ, ಆಮೇಲೆ ರಸ್ತೆಯ ಮೇಲೂ ದುಡಿಸಿ ನೋಡುತ್ತಾರೆ. ನೀವೂ ಅಷ್ಟೇ. ಟೆಸ್ಟ್ ಡ್ರೈವ್ ಅಂತ ಕುಶಾಲನಗರದ ಸಮ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸಿದರೆ ಒಪ್ಪಬೇಡಿ. ನಾಲ್ಕು ಜನ ಕೂತು ಸಂಪಾಜೆ ಕಡೆಗೇ ಇಳಿಸಿ, ಬ್ಯಾಟರಿ ಗೆರೆ ತುಂಬಿದ ಮೇಲೆ ಕಾರು ಏನು ಮಾಡುತ್ತೆ ನೋಡಿ.