‘ಈಗಿನ ಹಾಡಲ್ಲಿ ಏನಿದೆ?’ ಅನ್ನುವ ನೂರು ವರ್ಷದ ದೂರು

ಈಗಿನ ಹಾಡುಗಳಲ್ಲಿ ಇಂಪಿಲ್ಲ, ಎಲ್ಲ ಒಂದೇ ಥರ ಕೇಳುತ್ತವೆ, ಬರೀ ಗದ್ದಲ. ಈ ದೂರು ಯಾವ ದೇಶದಲ್ಲಿ, ಯಾವ ಭಾಷೆಯಲ್ಲಿ ಇಲ್ಲ ಹೇಳಿ. ಅದಕ್ಕೆ ಸಿಗುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಹಿರಿಯರು ಎಲ್ಲ ಕಾಲದಲ್ಲೂ ಹೀಗೇ ಅಂದಿದ್ದಾರೆ, ಬಿಡಿ. ನನಗೆ ಎರಡೂ ಅರ್ಧ ಮಾತುಗಳೇ. ದೂರು ಹಳೆಯದು ಅಂದ ಮಾತ್ರಕ್ಕೆ ಸುಳ್ಳಾಗಬೇಕಿಲ್ಲ. ಆದರೆ ಒಂದೊಂದು ಕಾಲದ ದೂರನ್ನು ಬಿಡಿಸಿ ನೋಡುತ್ತಾ ಹೋದರೆ, ಹಾಡಿನ ಹಿಂದೆ ಆಗಷ್ಟೇ ಬಂದ ಒಂದು ಯಂತ್ರವೋ, ದುಡ್ಡು ಎಣಿಸುವ ಒಂದು ಹೊಸ ಲೆಕ್ಕವೋ ಸಿಗುತ್ತದೆ.

1906ರಿಂದ ಶುರು ಮಾಡೋಣ. ಅಮೆರಿಕದ ಹೆಸರಾಂತ ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ ಆ ವರ್ಷ ಯಾಂತ್ರಿಕ ಸಂಗೀತದ ಅಪಾಯದ ಬಗ್ಗೆ ಒಂದು ಲೇಖನ ಬರೆದರು. ಗ್ರಾಮಾಫೋನು, ತಾನೇ ನುಡಿಯುವ ಪಿಯಾನೊ ಇವೆಲ್ಲ ಮನೆ ಸೇರಿದರೆ ಮಕ್ಕಳು ವಾದ್ಯ ಕಲಿಯುವುದು ನಿಲ್ಲುತ್ತದೆ, ಜನ ತಾವಾಗಿ ಹಾಡುವುದನ್ನೇ ಬಿಡುತ್ತಾರೆ ಎಂಬುದು ಅವರ ಭಯ. ಅದೇ ವರ್ಷ ಅವರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆಯೂ ಹೋಗಿ ಮಾತಾಡಿದರು. ಯಾಕೆಂದರೆ ಆಗ ಪ್ಲೇಟು ಮಾರುವವರು ಹಾಡು ಕಟ್ಟಿದವನಿಗೆ ಬಿಡಿಗಾಸೂ ಕೊಡಬೇಕಿರಲಿಲ್ಲ. 1909ರ ಕಾನೂನು ಒಂದೊಂದು ಪ್ರತಿಗೆ 2 ಸೆಂಟ್ ಎಂದು ಗೊತ್ತು ಮಾಡಿತು. ಸಂಗೀತ ಕೆಡುತ್ತಿದೆ ಎಂಬ ಸಂಕಟ, ದುಡ್ಡು ಯಾರಿಗೆ ಹೋಗುತ್ತಿದೆ ಎಂಬ ಜಗಳ ಅಲ್ಲಿ ಒಟ್ಟಿಗೇ ಇದ್ದವು. ಎರಡೂ ನಿಜವೇ ಆಗಿದ್ದವು.

ಪ್ಲೇಟಿನದೇ ಇನ್ನೊಂದು ಕಥೆ ಇದೆ. 10 ಇಂಚಿನ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಮೊದಲು ಎಷ್ಟು ಹೊತ್ತಾದರೂ ಹಾಡಬಹುದಾಗಿದ್ದ ಹಾಡನ್ನು ಅದಕ್ಕೆ ತಕ್ಕಂತೆ ಕತ್ತರಿಸಬೇಕಾಯಿತು. 1948ರಲ್ಲಿ ಎಲ್‌ಪಿ ಎಂಬ ನಿಧಾನ ತಿರುಗುವ ಪ್ಲೇಟು ಬಂದು ಒಂದು ಬದಿಗೆ 20 ನಿಮಿಷಕ್ಕೂ ಹೆಚ್ಚು ಜಾಗ ಸಿಕ್ಕಿತು. ಆದರೂ 3 ನಿಮಿಷದ ಹಾಡೇ ಸಹಜ ಅನ್ನಿಸುವಷ್ಟು ಕಿವಿಗೆ ಅಭ್ಯಾಸ ಆಗಿಹೋಗಿತ್ತು. ‘ಹಳೆ ಕಾಲದ ಅಚ್ಚುಕಟ್ಟು’ ಅಂತ ನಾವು ಮೆಚ್ಚುವ ಎಷ್ಟೋ ಗುಣ ಹೀಗೆ ಪ್ಲೇಟು ಕೊಟ್ಟದ್ದು.

ಎಲ್ಲ ದೂರೂ ಸಂಗೀತದ ಬಗ್ಗೆಯೇ ಇತ್ತು ಅಂತಲೂ ತಿಳಿಯಬೇಡಿ. 1921ರಲ್ಲಿ ಅಮೆರಿಕದ ಒಂದು ಜನಪ್ರಿಯ ಮಹಿಳಾ ಪತ್ರಿಕೆ ಜಾಝ್‌ನ ಲಯವನ್ನು ಪಾಪಕ್ಕೆ ಗಂಟು ಹಾಕಿ ಬರೆಯಿತು. 1957ರ ಜನವರಿಯಲ್ಲಿ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯನ್ನು ಟಿವಿಯಲ್ಲಿ ಸೊಂಟದ ಮೇಲಷ್ಟೇ ತೋರಿಸಿದರು. 1979ರ ಜುಲೈ 12ರಂದು ಶಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಎರಡು ಪಂದ್ಯಗಳ ನಡುವೆ ಡಿಸ್ಕೊ ರೆಕಾರ್ಡುಗಳ ರಾಶಿಯನ್ನು ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಎರಡನೇ ಪಂದ್ಯ ನಡೆಯಲೇ ಇಲ್ಲ. ಜಾಝ್, ರಾಕ್, ಡಿಸ್ಕೊ ಮೂರರ ಬೇರೂ ಕಪ್ಪು ಜನರ ಸಂಗೀತದಲ್ಲಿದೆ. ಡಿಸ್ಕೊ ಬೆಳೆದದ್ದೇ ಕಪ್ಪು ಜನ, ಲ್ಯಾಟಿನೊ ಜನ, ಸಲಿಂಗಿಗಳು ಸೇರುತ್ತಿದ್ದ ಕ್ಲಬ್ಬುಗಳಲ್ಲಿ. ಹಾಡಿನ ಮೇಲಿನ ಸಿಟ್ಟಿನಲ್ಲಿ ಹಾಡಿದವರ, ಕುಣಿದವರ ಮೇಲಿನ ಸಿಟ್ಟು ಎಷ್ಟು ಬೆರೆತಿತ್ತು ಅನ್ನುವುದನ್ನು ಮರೆತು ಈ ಇತಿಹಾಸ ಹೇಳಲು ಬರುವುದಿಲ್ಲ.

ಇನ್ನು ನೆನಪಿನ ಪಕ್ಷಪಾತ. 1969 ಅಂದರೆ ವುಡ್‌ಸ್ಟಾಕ್ ಸಂಗೀತ ಉತ್ಸವದ ವರ್ಷ, ಬೀಟಲ್ಸ್‌ನ ‘ಅಬ್ಬೆ ರೋಡ್’ ಆಲ್ಬಂ ಬಂದ ವರ್ಷ. ಪಾಪ್ ಸಂಗೀತದ ಸುವರ್ಣಯುಗ ಅಂತ ಜನ ತೋರಿಸುವುದು ಇದನ್ನೇ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಮಾಡಿದ ಆ ಇಡೀ ವರ್ಷದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ‘ಶುಗರ್, ಶುಗರ್’. ಹಾಡಿದ್ದು ‘ದಿ ಆರ್ಚೀಸ್’, ಅಂದರೆ ಒಂದು ಕಾರ್ಟೂನ್ ತಂಡ! ಕಾಲ ಜಳ್ಳನ್ನು ತೂರಿ ಗಟ್ಟಿಕಾಳು ಉಳಿಸುತ್ತದೆ. ಇವತ್ತಿನ ರಾಶಿ ಇನ್ನೂ ತೂರಿಲ್ಲ. ಇದರ ಜೊತೆ ವಯಸ್ಸಿನದೂ ಒಂದು ಪಾತ್ರವಿದೆ. 1989ರಲ್ಲಿ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು, ಜನ ಅತಿ ಹೆಚ್ಚು ಇಷ್ಟಪಡುವುದು ತಮಗೆ ಸುಮಾರು 24 ವರ್ಷ ಇದ್ದಾಗ ಬಂದ ಹಾಡುಗಳನ್ನು ಅಂತ ತೋರಿಸಿದರು.

ಹಾಗಾದರೆ ಎಲ್ಲ ಬರೀ ಭ್ರಮೆಯೇ? ಅಲ್ಲ. ಈಚೆಗೆ ಇದನ್ನು ಅಳೆದು ನೋಡಿದವರಿದ್ದಾರೆ. 2012ರಲ್ಲಿ ಸ್ಪೇನಿನ ಜೊವಾನ್ ಸೆರ್ರಾ ಮತ್ತು ಜೊತೆಗಾರರು 1955ರಿಂದ 2010ರವರೆಗಿನ 4 ಲಕ್ಷಕ್ಕೂ ಹೆಚ್ಚು ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಹಾಕಿದರು. ಸ್ವರದಿಂದ ಸ್ವರಕ್ಕೆ ಸಾಗುವ ದಾರಿಗಳು ಕಡಿಮೆಯಾಗಿವೆ, ನಾದದ ಬಗೆಗಳು 60ರ ದಶಕದ ನಂತರ ಕಡಿಮೆಯಾಗಿವೆ, ಸದ್ದು ಮಾತ್ರ ಏರುತ್ತಲೇ ಬಂದಿದೆ ಎಂಬುದು ಅವರ ಫಲಿತಾಂಶ. ದೂರುವವರಿಗೆ ಇದಕ್ಕಿಂತ ಬೇಕೇ! ಆದರೆ 2015ರಲ್ಲಿ ಲಂಡನ್ನಿನ ಇನ್ನೊಂದು ತಂಡ 1960ರಿಂದ 2010ರವರೆಗೆ ಅಮೆರಿಕದ ಪಟ್ಟಿ ಏರಿದ ಸುಮಾರು 17,000 ಹಾಡು ನೋಡಿ, ‘ಎಲ್ಲ ಒಂದೇ ಥರ ಆಗುತ್ತಿವೆ’ ಅನ್ನುವುದಕ್ಕೆ ಆಧಾರ ಇಲ್ಲ ಅಂದಿತು. ವೈವಿಧ್ಯ ಕುಸಿದದ್ದು 80ರ ದಶಕದ ಮಧ್ಯದಲ್ಲಿ, ಡ್ರಮ್ ಮಷೀನು ಎಲ್ಲೆಡೆ ಹಬ್ಬಿದಾಗ. ಆಮೇಲೆ ಮತ್ತೆ ಏರಿತು. ದೊಡ್ಡ ತಿರುವುಗಳು ಮೂರು: 1964, 1983, 1991. ಅದರಲ್ಲೂ ಭಾರಿ ಬದಲಾವಣೆ 1991ರದ್ದು, ರ‍್ಯಾಪ್ ಮತ್ತು ಹಿಪ್‌ಹಾಪ್ ಪಟ್ಟಿಗೆ ಬಂದದ್ದು.

ಈ 1991ರ ಹತ್ತಿರ ಸ್ವಲ್ಪ ನಿಲ್ಲಬೇಕು. ಅಲ್ಲಿಯವರೆಗೆ ಬಿಲ್‌ಬೋರ್ಡ್ ಪಟ್ಟಿಗೆ ಅಂಗಡಿಯವರನ್ನು ‘ಯಾವುದು ಚೆನ್ನಾಗಿ ಹೋಗ್ತಿದೆ’ ಅಂತ ಕೇಳುತ್ತಿದ್ದರು. ಅವರು ತಮಗೆ ತೋಚಿದ್ದನ್ನು, ಕೆಲವೊಮ್ಮೆ ಕಂಪನಿಗಳಿಗೆ ಬೇಕಾದದ್ದನ್ನು ಹೇಳುತ್ತಿದ್ದರು. 1991ರಲ್ಲಿ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂತು. ಬಾರ್‌ಕೋಡ್ ಓದಿ, ನಿಜವಾಗಿ ಎಷ್ಟು ಪ್ರತಿ ಮಾರಾಟವಾಯಿತು ಅಂತ ಎಣಿಸಿತು. ಮೇ ತಿಂಗಳಲ್ಲಿ ಆಲ್ಬಂ ಪಟ್ಟಿ ಈ ಲೆಕ್ಕಕ್ಕೆ ಬದಲಾಯಿತು. ಕೆಲವೇ ವಾರಗಳಲ್ಲಿ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದ ಆಲ್ಬಂ ಮೊದಲ ಸ್ಥಾನಕ್ಕೆ ಹೋಯಿತು. ರ‍್ಯಾಪನ್ನೂ ಕಂಟ್ರಿ ಸಂಗೀತವನ್ನೂ ಜನ ಮೊದಲೇ ಕೊಳ್ಳುತ್ತಿದ್ದರು, ಪಟ್ಟಿಗೆ ಅದು ಕಾಣುತ್ತಿರಲಿಲ್ಲ ಅಷ್ಟೆ. ‘90ರ ನಂತರ ಸಂಗೀತ ಹಾಳಾಯ್ತು’ ಅನ್ನುವವರು ನೋಡುತ್ತಿರುವ ಬದಲಾವಣೆಯ ಒಂದು ಪಾಲಾದರೂ ಎಣಿಸುವ ರೀತಿಯಲ್ಲಿ ಆದ ಬದಲಾವಣೆ ಅಂತ ನನ್ನ ನಂಬಿಕೆ.

ಆದರೂ ಒಂದು ದೂರನ್ನು ನಾನು ಒಪ್ಪುತ್ತೇನೆ. ಟ್ಯೂನ್ ಸರಳವಾಗಿದೆ. 2024ರಲ್ಲಿ ಹ್ಯಾಮಿಲ್ಟನ್ ಮತ್ತು ಪಿಯರ್ಸ್ ಎಂಬ ಸಂಶೋಧಕರು 1950ರಿಂದ ಅಮೆರಿಕದ ಒಂದೊಂದು ವರ್ಷದ ಮೊದಲ 5 ಹಾಡುಗಳ ಟ್ಯೂನ್ ತೆಗೆದು ನೋಡಿದರು. ಅದರ ಜಟಿಲತೆ 1975ರ ಹೊತ್ತಿಗೆ ಒಮ್ಮೆ, 2000ದ ಹೊತ್ತಿಗೆ ಇನ್ನೊಮ್ಮೆ ಚೆನ್ನಾಗಿಯೇ ಇಳಿದಿದೆ. ಆದರೆ ಸೆಕೆಂಡಿಗೆ ಹಾಡುವ ಸ್ವರಗಳು ಜಾಸ್ತಿಯಾಗಿವೆ. ಕಸುಬು ಟ್ಯೂನ್ ಬಿಟ್ಟು ನಾದದ ಕಡೆಗೆ, ಪದಗಳ ಓಟದ ಕಡೆಗೆ ಹೋಗಿರಬಹುದು ಅನ್ನುವುದಕ್ಕೆ ಜಾಗ ಇದೆ. ಆದರೂ ಮನಸ್ಸಲ್ಲಿ ಗುನುಗಲು ಬರುವಂಥ ಉದ್ದನೆಯ ಟ್ಯೂನ್ ಕಡಿಮೆಯಾದದ್ದು ನಷ್ಟವೇ. ಅದನ್ನು ನಷ್ಟ ಅಂತ ಹೇಳಲು ಸಂಕೋಚ ಬೇಡ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಹಾಡುವವರ ಶ್ರುತಿ ತಿದ್ದುವ ಆಟೊಟ್ಯೂನ್ ಎಂಬ ತಂತ್ರಾಂಶ ನೋಡಿ. ಎಣ್ಣೆ ಹುಡುಕಲು ಭೂಮಿಯೊಳಗೆ ಕಳಿಸುವ ಅಲೆಗಳ ಲೆಕ್ಕ ಮಾಡುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಎಂಜಿನಿಯರ್ ಅದನ್ನು 1997ರಲ್ಲಿ ತಂದರು. ಶ್ರುತಿ ತಪ್ಪಿದ ಸ್ವರವನ್ನು ಎಷ್ಟು ಬೇಗ ಎಳೆದು ಸರಿಪಡಿಸಬೇಕು ಎಂದು ಹೇಳುವ ಒಂದು ಗುಂಡಿ ಅದರಲ್ಲಿದೆ. ನಿಧಾನಕ್ಕಿಟ್ಟರೆ ತಿದ್ದಿದ್ದೇ ಗೊತ್ತಾಗದು. ಸೊನ್ನೆಗಿಟ್ಟರೆ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನೇ ಬಿಟ್ಟು ನೆಗೆಯುತ್ತದೆ. 1998ರಲ್ಲಿ ಶೇರ್ ಎಂಬ ಗಾಯಕಿ ಹಾಡಿದ ‘ಬಿಲೀವ್’ನಲ್ಲಿ ಕೇಳುವುದು ಆ ನೆಗೆತವೇ. ಮುಚ್ಚಲು ಮಾಡಿದ ಉಪಕರಣವನ್ನು ಅಲ್ಲಿ ಬೇಕಂತಲೇ ಎದ್ದು ಕೇಳುವಂತೆ ಬಳಸಿದರು. ನನಗೆ ಆ ಬಳಕೆ ಬಗ್ಗೆ ತಕರಾರಿಲ್ಲ, ಅದು ಕಲೆ. ತಕರಾರು ಇರುವುದು ಒಳ್ಳೆಯ ಕಂಠವನ್ನೂ ಸುಮ್ನೆ ಅಭ್ಯಾಸಬಲದಿಂದ ನುಣ್ಣಗೆ ಮಾಡಿಬಿಡುವುದರ ಬಗ್ಗೆ.

ಈಗಿನ ಲೆಕ್ಕ ಇನ್ನೊಂದು ಥರ. ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ (ಸ್ಟ್ರೀಮಿಂಗ್) ಸೇವೆ ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ, ದುಡ್ಡು ಹಂಚುವುದು ಈ ಎಣಿಕೆ ನೋಡಿ. 2 ನಿಮಿಷದ ಹಾಡಿಗೂ 6 ನಿಮಿಷದ ಹಾಡಿಗೂ ಎಣಿಕೆ ಒಂದೇ. ಹಾಗಿರುವಾಗ ಶುರುವಿನಲ್ಲಿ ವಾದ್ಯಕ್ಕೆ ಸಮಯ ಕೊಡುವವರು ಯಾರು? 80ರ ದಶಕದ ನಡುವೆ ಜನಪ್ರಿಯ ಹಾಡುಗಳ ಆರಂಭದ ವಾದ್ಯಭಾಗ ಸರಾಸರಿ 20 ಸೆಕೆಂಡಿಗೂ ಹೆಚ್ಚಿತ್ತು. 2015ರ ಹೊತ್ತಿಗೆ ಅದು ಸುಮಾರು 5 ಸೆಕೆಂಡಿಗೆ ಬಂದಿತ್ತು. ಇದನ್ನು ‘ಈಗಿನ ಹುಡುಗರಿಗೆ ತಾಳ್ಮೆ ಇಲ್ಲ’ ಅಂತ ವಿವರಿಸುವುದು ಅನ್ಯಾಯ. ಅವಸರ ಕೇಳುಗರ ಸ್ವಭಾವದಲ್ಲಷ್ಟೇ ಇಲ್ಲ, ಎಣಿಕೆಯ ನಿಯಮದಲ್ಲಿ ಬರೆದಿದೆ.

ನಿಯಮ ಬದಲಾದರೆ ಹಾಡೂ ಬದಲಾಗಬಹುದು ಅನ್ನುವುದಕ್ಕೆ ಸದ್ದಿನ ಪೈಪೋಟಿಯೇ ಸಾಕ್ಷಿ. ಸಿಡಿ ಕಾಲದಲ್ಲಿ ಪಕ್ಕದ ಹಾಡಿಗಿಂತ ಜೋರಾಗಿ ಕೇಳಬೇಕು ಅಂತ ಎಲ್ಲರೂ ಹಾಡಿನ ಮೆಲ್ಲನೆಯ ಭಾಗಗಳನ್ನು ಎತ್ತಿ, ಜೋರಾದ ಭಾಗಗಳನ್ನು ಅದುಮುತ್ತಾ ಹೋದರು. 2008ರಲ್ಲಿ ಮೆಟಾಲಿಕಾ ಎಂಬ ರಾಕ್ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಬಂದಾಗ, ಸಿಡಿಗಿಂತ ‘ಗಿಟಾರ್ ಹೀರೊ’ ವಿಡಿಯೊ ಗೇಮಿನಲ್ಲಿದ್ದ ಅವೇ ಹಾಡುಗಳು ಚೆನ್ನಾಗಿ ಕೇಳುತ್ತಿವೆ ಅಂತ ಅಭಿಮಾನಿಗಳೇ ಕಂಡುಹಿಡಿದು, ಹೊಸದಾಗಿ ಮಾಡಿಕೊಡಿ ಅಂತ ಮನವಿಗೆ ಸಹಿ ಹಾಕಿದರು. ಆಮೇಲೆ ಸ್ಟ್ರೀಮಿಂಗ್ ಸೇವೆಗಳು ಎಲ್ಲ ಹಾಡುಗಳ ಸದ್ದನ್ನು ತಾವೇ ಒಂದು ಮಟ್ಟಕ್ಕೆ ತರತೊಡಗಿದವು. ಜೋರು ಮಾಡಿ ಗೆಲ್ಲುವ ದಾರಿ ಹೆಚ್ಚುಕಡಿಮೆ ಮುಚ್ಚಿತು.

ದುಡ್ಡಿನ ಲೆಕ್ಕದಲ್ಲೂ ಅಂಥ ಪ್ರಯತ್ನ ಶುರುವಾಗಿದೆ. ಒಬ್ಬ ಕೇಳುಗ ಕಟ್ಟಿದ ದುಡ್ಡು ಅವನು ಕೇಳಿದ ಕಲಾವಿದರಿಗೇ ಹೋಗುವ ಪದ್ಧತಿಯನ್ನು ಸೌಂಡ್‌ಕ್ಲೌಡ್ ಎಂಬ ಸ್ಟ್ರೀಮಿಂಗ್ ಸೇವೆ 2021ರಲ್ಲಿ ತಂದಿತು. ಎಷ್ಟು ಹೊತ್ತು ಕೇಳಿದರು ಅನ್ನುವುದನ್ನೂ ಇದೇ ಥರ ಲೆಕ್ಕಕ್ಕೆ ತಗೊಂಡರೆ, ಉದ್ದ ಟ್ಯೂನ್ ಕಟ್ಟುವವನಿಗೂ 20 ಸೆಕೆಂಡು ಪಿಟೀಲು ನುಡಿಸಿ ಹಾಡು ಶುರು ಮಾಡುವವಳಿಗೂ ಕೂಲಿ ಗಿಟ್ಟುತ್ತದೆ. ಹಾಡು ಕೆಟ್ಟಿತು ಅಂತ ಕೊರಗುವ ನಾವೆಲ್ಲ ಈ ಬೇಡಿಕೆಯನ್ನು ಗಟ್ಟಿಯಾಗಿ ಇಡಬೇಕು.